ರೆಕಾರ್ಡ್ ಆಗಿತ್ತು, ಕೇಳಿರಲಿಲ್ಲ

ಹೊಸಪೇಟೆ – ಯುವಜನರ ಕೂಟದ ಸಂದೇಶ
ವಾಕ್ಯಭಾಗ: ವಿಮೋಚನಕಾಂಡ 16:19-24, ಯಾಜಕಕಾಂಡ 6:10-13, ಮಾರ್ಕ 6:31

   

ನೈಟ್ ಶಿಫ್ಟ್ ಮುಗಿಸಿ ತೋರಣಗಲ್ಲಿನಿಂದ ನೇರವಾಗಿ ಇಲ್ಲಿಗೆ ಬಂದಿರುವ ತಮ್ಮಂದಿರು ಇದ್ದಾರೆ, ಕಂಪ್ಲಿಯಿಂದ ಬಸ್ ಹಿಡಿದು ಬಂದವರು ಇದ್ದಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಇದನ್ನು ಆನ್‌ಲೈನ್‌ನಲ್ಲಿ ಕೇಳುವವರೂ, ಆಮೇಲೆ ಓದುವವರೂ ಇದ್ದೀರಿ. ಕರ್ತನು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.

ಇವತ್ತು ಒಂದು ಸಾಕ್ಷಿಯಿಂದ ಶುರು ಮಾಡ್ತೀನಿ. ಇದು ಜಯದ ಸಾಕ್ಷಿ ಅಲ್ಲ, ನನ್ನ ತಪ್ಪಿನ ಸಾಕ್ಷಿ.

2018ರಲ್ಲಿ ನಮ್ಮ ಮನೆಗೆ ರೆಕಾರ್ಡ್ ಮಾಡುವ ಸೌಲಭ್ಯ ಇರುವ ಸೆಟ್‌ಟಾಪ್ ಬಾಕ್ಸ್ ತಂದೆ. ಅದರ ಹಿಂದೆ ಒಂದು ಯುಎಸ್‌ಬಿ ಕಿಂಡಿ. ಅದಕ್ಕೆ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿದೆ. ಬೆಳಿಗ್ಗೆ ಬರುವ ಕ್ರಿಸ್ತೀಯ ಕಾರ್ಯಕ್ರಮಗಳು, ದೊಡ್ಡ ದೊಡ್ಡ ದೇವಸೇವಕರ ಸಂದೇಶಗಳು, ಎಲ್ಲವನ್ನೂ ಸೀರೀಸ್ ರೆಕಾರ್ಡಿಂಗ್‌ಗೆ ಹಾಕಿದೆ. ಸುಳ್ಳು ಹೇಳಬಾರದು, ಕ್ರಿಕೆಟ್ ಕೂಡ ಹಾಕಿದ್ದೆ. ಅವತ್ತಿನಿಂದ ಆ ಬಾಕ್ಸ್ ಆಫ್ ಆಗಲೇ ಇಲ್ಲ. ರಾತ್ರಿ ರಿಮೋಟ್ ಒತ್ತಿದರೆ ಟಿವಿ ಪರದೆ ಕಪ್ಪಾಗುತ್ತಿತ್ತು, ಆದರೆ ಕೆಳಗೆ ಬಾಕ್ಸ್ ಓಡುತ್ತಾನೇ ಇತ್ತು. ಡಿಸ್ಕಿನ ನೀಲಿ ದೀಪ ಮಿಣುಕುತ್ತಾನೇ ಇತ್ತು. ಅಮ್ಮ ಕರೆಂಟ್ ಬಿಲ್ ನೋಡಿ ಬೈಯೋರು. ನಾನು, ‘ಅಮ್ಮಾ, ಅದು ದೇವರ ವಾಕ್ಯ ಕೂಡಿಸ್ತಾ ಇದೆ’ ಅಂತಿದ್ದೆ. ಬಾಕ್ಸು ಡಿಸ್ಕು ಸೇರಿ 15 ವ್ಯಾಟ್ ಅಂತ ಇಟ್ಟುಕೊಂಡರೂ ಹಗಲು ರಾತ್ರಿ ಓಡಿದರೆ ವರ್ಷಕ್ಕೆ 131 ಯೂನಿಟ್ ಆಗುತ್ತದೆ. ಅಮ್ಮ ಬೈದದ್ದು ಸರಿ.

ಅದೇ ವರ್ಷ ಕ್ರಿಸ್ಮಸ್ ಸಮಯದಲ್ಲಿ ಊರಿನ ಕೇಬಲ್ ಚಾನೆಲ್‌ನಲ್ಲಿ ಒಂದು ಕಾರ್ಯಕ್ರಮ ಬಂತು. ಅದರಲ್ಲಿ ನಮ್ಮ ಅಪ್ಪ 11 ನಿಮಿಷ ಸಾಕ್ಷಿ ಹೇಳಿದ್ದರು. ನನಗೆ ಅವತ್ತು ಬೇರೆ ಸಭೆಯಲ್ಲಿ ಸೇವೆ ಇತ್ತು. ಅದನ್ನೂ ರೆಕಾರ್ಡಿಂಗ್‌ಗೆ ಹಾಕಿ ಹೋದೆ. ಆಮೇಲೆ ನೋಡಿದರಾಯಿತು ಅಂದುಕೊಂಡೆ. ಮುಂದಿನ ವಾರ, ಮುಂದಿನ ತಿಂಗಳು, ಈಸ್ಟರ್ ಆದ ಮೇಲೆ. 2021ರಲ್ಲಿ ಅಪ್ಪ ಕರ್ತನ ಬಳಿಗೆ ಹೋದರು. ಆಗಲೂ ನೋಡಲಿಲ್ಲ. ಮನಸ್ಸು ತಡೆಯಲ್ಲ, ಸ್ವಲ್ಪ ದಿನ ಹೋಗಲಿ ಅಂದೆ. ಹೇಗೂ ಡಿಸ್ಕಿನಲ್ಲಿ ಇದೆಯಲ್ಲ!

2024ರ ಮೇ ತಿಂಗಳು. ನಮ್ಮ ಹೊಸಪೇಟೆ ಬಿಸಿಲು ನಿಮಗೆ ಗೊತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಡಿಸ್ಕ್ ಒಳಗಿಂದ ಟಕ್, ಟಕ್, ಟಕ್ ಅಂತ ಶಬ್ದ. ಆಮೇಲೆ ದೀಪ ಆರಿತು. ಅಷ್ಟೇ.

ರಿಪೇರಿ ಮಾಡುವ ಹುಡುಗನ ಬಳಿ ಓಡಿದೆ. ಅವನು ಕೇಳಿದ, ‘ಸಾರ್, ಇದು ದಿನಕ್ಕೆ ಎಷ್ಟು ಗಂಟೆ ಓಡ್ತಿತ್ತು?’ ‘ಯಾವಾಗಲೂ’ ಅಂದೆ. ‘ಎಲ್ಲಿ ಇಟ್ಟಿದ್ದಿರಿ?’ ‘ಟಿವಿ ಸ್ಟ್ಯಾಂಡ್ ಒಳಗೆ, ಬಾಕ್ಸ್ ಮೇಲೆ, ಧೂಳು ಬೀಳದ ಹಾಗೆ ಬಟ್ಟೆ ಮುಚ್ಚಿ.’ ಅವನು ನಕ್ಕ. ಆಮೇಲೆ ವಿವರಿಸಿದ. ಒಳಗೆ ಒಂದು ತಟ್ಟೆ ನಿಮಿಷಕ್ಕೆ 5400 ಸಲ ತಿರುಗುತ್ತದೆ. ನಾನು ಅಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ 77 ಲಕ್ಷ 76 ಸಾವಿರ ಸುತ್ತು! ಆ ತಟ್ಟೆಯ ಮೇಲೆ ಒಂದು ಹೆಡ್ ಮುಟ್ಟದ ಹಾಗೆ ತೇಲುತ್ತಾ ಇರುತ್ತದೆ, ನಡುವಿನ ಅಂತರ ತಲೆಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದು. ‘ಓಡಿದ್ದರಿಂದ ಮಾತ್ರ ಹಾಳಾಯ್ತು ಅಂತ ಹೇಳೋಕಾಗಲ್ಲ ಸಾರ್. ಪದೇ ಪದೇ ಆಫ್ ಆನ್ ಮಾಡಿದರೂ ಹಾಳಾಗುತ್ತದೆ. ಹಗಲು ರಾತ್ರಿ ಓಡೋಕೆ ಅಂತಲೇ ಮಾಡಿದ ಡಿಸ್ಕ್‌ಗಳು ಬೇರೆ ಇವೆ, ಸಿಸಿ ಕ್ಯಾಮೆರಾಗೆ ಹಾಕ್ತಾರೆ. ಇದಕ್ಕೆ ಬಿಸಿ ಜಾಸ್ತಿ ಆಯ್ತು, ಗಾಳಿ ಇರಲಿಲ್ಲ, ಕರೆಂಟ್ ಪೆಟ್ಟು ಬಿತ್ತು, ವಯಸ್ಸೂ ಆಗಿತ್ತು. ಇನ್ನೊಂದು ಕಾಪಿ ಇದೆಯಾ?’

ಇರಲಿಲ್ಲ. ಅಂಥ ಬಾಕ್ಸ್ ರೆಕಾರ್ಡ್ ಮಾಡಿದ್ದು ಸಾಮಾನ್ಯವಾಗಿ ಆ ಬಾಕ್ಸ್‌ನಲ್ಲಿ ಮಾತ್ರ ಓಡುತ್ತದೆ, ಕಂಪ್ಯೂಟರಿಗೆ ಹಾಕಿದರೆ ತೆರೆಯುವುದಿಲ್ಲ. ಕೊನೆಗೆ ಅವನು ಕೇಳಿದ ಪ್ರಶ್ನೆ ನನ್ನ ಎದೆಗೆ ಚುಚ್ಚಿತು. ‘ಇಷ್ಟು ವರ್ಷ ರೆಕಾರ್ಡ್ ಮಾಡಿದ್ರಲ್ಲ ಸಾರ್, ಎಷ್ಟು ನೋಡಿದ್ರಿ?’

ಆ ಹುಡುಗ ವಿಶ್ವಾಸಿ ಅಲ್ಲ. ಆದರೆ ಅವತ್ತು ದೇವರು ಅವನ ಬಾಯಿಂದ ಈ ಪಾಸ್ಟರ್‌ಗೆ ಪ್ರಸಂಗ ಮಾಡಿಸಿದ. ಆ ಪ್ರಶ್ನೆ ಹಿಡಿದುಕೊಂಡು ನಾನು ಮೊಣಕಾಲೂರಿದಾಗ ಕರ್ತನು ಮೂರು ವಿಷಯ ತೋರಿಸಿದ. ಬರೆದುಕೊಳ್ಳಿ. ರೆಕಾರ್ಡ್ ಬೇಡ, ಬರೆದುಕೊಳ್ಳಿ!

ಮೊದಲನೆಯದು: ಕೂಡಿಟ್ಟದ್ದು ಉಂಡದ್ದಲ್ಲ.

ವಿಮೋಚನಕಾಂಡ 16ನೇ ಅಧ್ಯಾಯ ತೆಗೆಯಿರಿ. ಅರಣ್ಯದಲ್ಲಿ ದೇವರು ಮನ್ನ ಕೊಡ್ತಾನೆ. ಬೆಳಿಗ್ಗೆವರೆಗೆ ಉಳಿಸಬೇಡಿ ಅಂತ ಮೋಶೆ ಹೇಳ್ತಾನೆ. ಕೆಲವರು ಮಾತು ಕೇಳದೆ ಉಳಿಸಿಕೊಂಡರು. ಏನಾಯಿತು? ಹುಳ ಬಿತ್ತು, ನಾರಿತು. ಈಗ ಗಮನಿಸಿ, ಅದು ಕೆಟ್ಟ ಆಹಾರ ಅಲ್ಲ, ಪರಲೋಕದಿಂದ ಬಂದದ್ದೇ. ದೇವರು ಕೊಟ್ಟದ್ದನ್ನೂ ಇವತ್ತು ತಿನ್ನದೆ ಇಟ್ಟರೆ ಅದು ನಮಗೆ ಜೀವ ಕೊಡಲಿಲ್ಲ.

ಆದರೆ ಅದೇ ಅಧ್ಯಾಯದಲ್ಲಿ ಸಬ್ಬತ್ ದಿನಕ್ಕೆ ಅಂತ ಉಳಿಸಿದ ಮನ್ನ ಕೆಡಲಿಲ್ಲ. ಯಾಕೆ? ದೇವರೇ ಉಳಿಸಿ ಅಂದಿದ್ದ, ಮರುದಿನ ಉಂಡರು. ಆದ್ದರಿಂದ ಕೂಡಿಡುವುದೇ ಪಾಪ ಅಂತ ನಾನು ಹೇಳ್ತಿಲ್ಲ. ಸಂದೇಶ ಸೇವ್ ಮಾಡಿ, ಹಾಡು ಡೌನ್‌ಲೋಡ್ ಮಾಡಿ, ತಪ್ಪಿಲ್ಲ. ಪ್ರಶ್ನೆ ಒಂದೇ. ಉಣ್ಣೋಕೆ ಕೂಡಿಡ್ತಿದ್ದೀರಾ, ಉಣ್ಣೋದನ್ನು ಮುಂದಕ್ಕೆ ಹಾಕೋಕೆ ಕೂಡಿಡ್ತಿದ್ದೀರಾ?

ನಮ್ಮ ನಾಡಿನ ಒಂದು ಸಂಗತಿ ನೆನಪಿಡಿ. 1810ರಲ್ಲಿ ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ ಇಲ್ಲೇ ಪಕ್ಕದ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ಬೈಬಲ್ ಭಾಷಾಂತರಕ್ಕೆ ಕೈಹಾಕಿದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬರೋಕೆ ಸುಮಾರು 20 ವರ್ಷ ಬೇಕಾಯಿತು. ಆ ಕಾಲದ ವಿಶ್ವಾಸಿಗಳ ಕೈಗೆ ಒಂದು ಸುವಾರ್ತೆ ಸಿಕ್ಕಿದರೆ ಅದೇ ದೊಡ್ಡ ಆಸ್ತಿ. ನಮ್ಮ ಫೋನ್‌ನಲ್ಲಿ ಹತ್ತು ಭಾಷಾಂತರ ಇವೆ, ವಾಚ್ ಲೇಟರ್‌ನಲ್ಲಿ ನೂರು ಸಂದೇಶ ಇವೆ. ಆದರೂ ಪರೀಕ್ಷೆ ಬಂದಾಗ, ಕೆಲಸ ಹೋದಾಗ, ಮದುವೆ ಮಾತು ಮುರಿದಾಗ ನಮ್ಮ ಒಳಗಿಂದ ಒಂದು ವಾಕ್ಯ ಎದ್ದು ಬರಲ್ಲ. ಯಾಕೆಂದರೆ ಅದು ಡಿಸ್ಕಿನಲ್ಲಿದೆ, ಹೃದಯದಲ್ಲಿಲ್ಲ. ಯಾರಾದರೂ ಆಮೆನ್ ಹೇಳ್ತೀರಾ?

ಹಂಪಿಯ ಅರಮನೆ ಆವರಣದಲ್ಲಿ ಮೆಟ್ಟಿಲುಗಳಿರುವ ಕಪ್ಪು ಕಲ್ಲಿನ ಕೊಳ ನೋಡಿದ್ದೀರಿ. 1980ರ ದಶಕದಲ್ಲಿ ಉತ್ಖನನ ಮಾಡಿದಾಗ ಸಿಕ್ಕಿದ್ದು. ಎಷ್ಟು ಅಂದ, ಎಷ್ಟು ಲೆಕ್ಕಾಚಾರ! ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ಕಾಲುವೆಯೂ ಪಕ್ಕದಲ್ಲಿದೆ, ಈಗ ಅದರಲ್ಲಿ ನೀರಿಲ್ಲ. ಆದರೆ ಸ್ವಲ್ಪ ದೂರ ನಡೆಯಿರಿ. ವಿಜಯನಗರದ ಕಾಲದ ತುರ್ತು ಕಾಲುವೆ ಇವತ್ತೂ ಹರೀತಾ ಇದೆ, ಬಾಳೆ ತೋಟಗಳಿಗೆ ನೀರು ಕೊಡ್ತಾ ಇದೆ. ಯೆರೆಮೀಯ 2:13ರಲ್ಲಿ ದೇವರ ದುಃಖ ಇದೇ. ಜೀವಜಲದ ಬುಗ್ಗೆಯಾದ ನನ್ನನ್ನು ಬಿಟ್ಟು ಇವರು ನೀರು ನಿಲ್ಲದ ತೊಟ್ಟಿ ಕೊರೆದುಕೊಂಡರಲ್ಲ ಅಂತ. ಯೋಹಾನ 7:38ರಲ್ಲಿ ಯೇಸು ಸ್ವಾಮಿ ಏನು ವಾಗ್ದಾನ ಮಾಡಿದ? ನಂಬುವವನ ಒಳಗಿನಿಂದ ಜೀವಜಲದ ನದಿಗಳು ಹರಿಯುತ್ತವೆ ಅಂತ. ತೊಟ್ಟಿ ಅಂತ ಹೇಳಲಿಲ್ಲ, ನದಿ ಅಂದ. ಪವಿತ್ರಾತ್ಮನನ್ನು ಹೊಂದಿದವರು ಸ್ಟೋರೇಜ್ ಅಲ್ಲ, ಹರಿವು. ಹಲ್ಲೆಲೂಯಾ!

ಎರಡನೆಯದು: ಪರದೆ ಕಪ್ಪಾದರೆ ಸಾಲದು, ಒಳಗೂ ನಿಲ್ಲಬೇಕು.

ನಾನು ಟಿವಿ ಆಫ್ ಮಾಡುತ್ತಿದ್ದೆ, ಬಾಕ್ಸ್ ಆಫ್ ಆಗುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನ ಹೀಗೇ ಮಲಗ್ತೀರಿ? ರಾತ್ರಿ ಒಂದು ಗಂಟೆಗೆ ಫೋನ್ ಪಕ್ಕಕ್ಕಿಟ್ಟು ಕಣ್ಣು ಮುಚ್ಚುತ್ತೀರಿ. ಪರದೆ ಕಪ್ಪು. ಒಳಗೆ ಓಡ್ತಾನೇ ಇದೆ. ಮ್ಯಾನೇಜರ್ ಏನಂದ, ಅವಳು ಯಾಕೆ ರಿಪ್ಲೈ ಮಾಡಲಿಲ್ಲ, ಅಣ್ಣ ಅವತ್ತು ಎಲ್ಲರ ಮುಂದೆ ಹಾಗೆ ಯಾಕೆ ಹೇಳಿದ.

ಒಳಗಿನ ರೆಕಾರ್ಡರ್‌ಗೆ ತುಂಬಾ ಇಷ್ಟವಾದ ಕಾರ್ಯಕ್ರಮ ಯಾವುದು ಗೊತ್ತಾ? ನಮಗೆ ಆದ ನೋವು. ಅದನ್ನು ಸೀರೀಸ್ ರೆಕಾರ್ಡಿಂಗ್ ಮಾಡುತ್ತದೆ, ಒಂದು ಎಪಿಸೋಡ್ ಕೂಡ ತಪ್ಪಿಸಲ್ಲ. ಅಪ್ಪನ ಸಾಕ್ಷಿ ನಾನು ಒಂದು ಸಲವೂ ಹಾಕಿ ನೋಡಲಿಲ್ಲ. ಆದರೆ ಅಪ್ಪ ಹೋದ ಮೇಲೆ ಮನೆಯ ಪತ್ರದ ವಿಷಯದಲ್ಲಿ ನನ್ನ ತಮ್ಮ ಆಡಿದ ನಾಲ್ಕು ಮಾತು ಇದೆಯಲ್ಲ, ಅದನ್ನು ಎರಡೂವರೆ ವರ್ಷ ಪ್ರತಿ ರಾತ್ರಿ ಹಾಕಿ ಕೇಳಿದೆ. ರಿವೈಂಡ್ ಮಾಡಿ, ನಿಲ್ಲಿಸಿ, ಮತ್ತೆ ಕೇಳಿದೆ. ಅಷ್ಟು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಭಾನುವಾರ ಇದೇ ಪ್ರಸಂಗಪೀಠದಲ್ಲಿ ನಿಂತು ಪ್ರೀತಿಯ ಬಗ್ಗೆ ಬೋಧಿಸುತ್ತಿದ್ದೆ. ಕರ್ತನು ಕ್ಷಮಿಸಲಿ. 1 ಕೊರಿಂಥ 13:5ರಲ್ಲಿ ಪೌಲನು ಪ್ರೀತಿಯ ಗುಣ ಹೇಳುವಾಗ, ಪ್ರೀತಿ ಅಪಕಾರದ ಲೆಕ್ಕ ಇಡುವುದಿಲ್ಲ ಅನ್ನೋ ಅರ್ಥದಲ್ಲಿ ಹೇಳುತ್ತಾನೆ. ಅಂದರೆ ಪ್ರೀತಿಗೆ ರೆಕಾರ್ಡ್ ಬಟನ್ ಇಲ್ಲ!

ನಮ್ಮ ಟಿಬಿ ಡ್ಯಾಮ್ ನೋಡಿ. ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗಿನ ಲೆಕ್ಕ 105.788 ಟಿಎಂಸಿ. ಗೋಡೆ ಕುಗ್ಗಿತಾ? ಇಲ್ಲ. ಎತ್ತರ ಕಡಿಮೆ ಆಯಿತಾ? ಇಲ್ಲ. ಹೊಳೆ ತಂದ ಹೂಳು ತಳದಲ್ಲಿ ಕೂತು ಕೂತು, ಸುಮಾರು 27 ಟಿಎಂಸಿ ನೀರಿನ ಜಾಗ ತಿಂದಿತು. ಹೊರಗಿನಿಂದ ನೋಡಿದರೆ ಡ್ಯಾಮ್ ತುಂಬಿದೆ ಅಂತ ಫೋಟೋ ತೆಗೀತೀವಿ. ಎಷ್ಟು ನೀರು, ಎಷ್ಟು ಹೂಳು, ಮೇಲಿಂದ ಕಾಣಲ್ಲ. ತಮ್ಮಾ, ತಂಗೀ, ನೀನು ತುಂಬಿದ್ದೀಯ ನಿಜ. ಆತ್ಮನಿಂದ ತುಂಬಿದ್ದೀಯಾ, ಹೂಳಿನಿಂದ ತುಂಬಿದ್ದೀಯಾ?

ನನ್ನ ಡಿಸ್ಕ್ ಹೋದ ಮೂರು ತಿಂಗಳಿಗೆ, 2024ರ ಆಗಸ್ಟ್ 10, ಶನಿವಾರ ರಾತ್ರಿ. ಡ್ಯಾಮ್ ತುಂಬಿತ್ತು. 33 ಕ್ರೆಸ್ಟ್ ಗೇಟುಗಳಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದೊಂದೇ ಬಾಯಿಂದ 35 ಸಾವಿರ ಕ್ಯೂಸೆಕ್‌ಗೂ ಹೆಚ್ಚು ನೀರು ನುಗ್ಗಿತು. ನಮ್ಮ ಸಭೆಯವರಲ್ಲಿ ಹೊಳೆ ದಂಡೆಯ ಹಳ್ಳಿಗಳಲ್ಲಿ ನೆಂಟರಿರುವವರು ಆ ರಾತ್ರಿ ನಿದ್ದೆ ಮಾಡಲಿಲ್ಲ, ಪ್ರಾರ್ಥನೆ ಮಾಡಿದೆವು. 1953ರಲ್ಲಿ ಮುಗಿದ ಅಣೆಕಟ್ಟು, ಏಳು ದಶಕ ಭಾರ ಹೊತ್ತಿದೆ. ಯಾರ ತಪ್ಪು ಅನ್ನೋದು ನನ್ನ ವಿಷಯ ಅಲ್ಲ. ನನಗೆ ಪಾಠ ಆದದ್ದು ಆಮೇಲೆ ಮಾಡಿದ್ದು. ಒಂದು ಗೇಟು ಹೋದಾಗ ಉಳಿದ ಗೇಟುಗಳನ್ನೂ ತೆರೆದರು, ಒತ್ತಡ ಇಳಿಸಿದರು. ಆಮೇಲೆ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿದರು, ಆಗಸ್ಟ್ 17ರ ಹೊತ್ತಿಗೆ ಆ ಬಾಯಿ ಮುಚ್ಚಿತು. ಅರ್ಥ ಆಯ್ತಾ? ಒತ್ತಡ ಇಳಿಸುವುದು ಸೋಲಲ್ಲ. ಡ್ಯಾಮ್ ಉಳಿಯಬೇಕು ಅಂದರೆ ನೀರು ಬಿಡಲೇಬೇಕು.

ಮಾರ್ಕ 6:31. ಶಿಷ್ಯರು ಸೇವೆ ಮುಗಿಸಿ ಬಂದಿದ್ದಾರೆ. ದೆವ್ವ ಬಿಡಿಸಿದ್ದಾರೆ, ರೋಗ ವಾಸಿಮಾಡಿದ್ದಾರೆ, ಊಟಕ್ಕೂ ಸಮಯವಿಲ್ಲ. ಯೇಸು ಸ್ವಾಮಿ ಅವರಿಗೆ ಇನ್ನೊಂದು ಕೂಟ ಇಟ್ಟುಕೊಳ್ಳಿ ಅನ್ನಲಿಲ್ಲ. ಏಕಾಂತ ಸ್ಥಳಕ್ಕೆ ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂದ. ಎಲೀಯನು ಪೊದೆಯ ಕೆಳಗೆ ಸಾವು ಕೇಳಿದಾಗ ದೇವರು ಬೈಯಲಿಲ್ಲ. ನಿದ್ದೆ ಕೊಟ್ಟ, ರೊಟ್ಟಿ ಕೊಟ್ಟ, ನೀರು ಕೊಟ್ಟ. ಆಮೇಲೆ ಮಾತಾಡಿದ. ಕೀರ್ತನೆ 121 ಹೇಳುತ್ತದೆ, ತೂಕಡಿಸದವನು, ನಿದ್ರಿಸದವನು ಒಬ್ಬನೇ. ಆ ಕೆಲಸ ಈಗಾಗಲೇ ತುಂಬಿದೆ, ವೇಕೆನ್ಸಿ ಇಲ್ಲ. ನೀನು ಮಲಗು!

ಮೂರನೆಯದು: ಬೆಂಕಿ ಆರಬಾರದು, ಆದರೆ ಬೂದಿ ತೆಗೆಯಬೇಕು.

ಈಗ ಯಾರೋ ಮನಸ್ಸಿನಲ್ಲಿ ಕೇಳ್ತಿದ್ದೀರಿ. ‘ಪಾಸ್ಟರ್, ಯಾಜಕಕಾಂಡ 6ರಲ್ಲಿ ಯಜ್ಞವೇದಿಯ ಬೆಂಕಿ ಆರಲೇಬಾರದು ಅಂತ ಇದೆಯಲ್ಲ? ಎಡೆಬಿಡದೆ ಪ್ರಾರ್ಥಿಸಬೇಕು ಅಂತ ನೀವೇ ಹೇಳ್ತೀರಲ್ಲ?’ ಒಳ್ಳೇ ಪ್ರಶ್ನೆ. ಅದೇ ಭಾಗವನ್ನು 10ನೇ ವಚನದಿಂದ ಓದಿ. ಯಾಜಕನು ನಾರುಬಟ್ಟೆ ಹಾಕಿಕೊಂಡು ಬರ್ತಾನೆ. ರಾತ್ರಿಯ ಬೂದಿ ತೆಗೀತಾನೆ. ಬಟ್ಟೆ ಬದಲಾಯಿಸಿ ಬೂದಿಯನ್ನು ಪಾಳೆಯದ ಹೊರಗೆ ಒಯ್ತಾನೆ. ಪ್ರತಿ ಬೆಳಿಗ್ಗೆ ಹೊಸ ಕಟ್ಟಿಗೆ ಇಡ್ತಾನೆ. ಬೆಂಕಿ ಆರದೆ ಇದ್ದದ್ದು ಅದರಷ್ಟಕ್ಕೆ ಓಡ್ತಿತ್ತು ಅಂತಲ್ಲ. ಒಬ್ಬ ಮನುಷ್ಯ ಪ್ರತಿದಿನ ಎದ್ದು ಬಂದು ನೋಡ್ತಿದ್ದ ಅಂತ.

ತೋರಣಗಲ್ಲಿನಲ್ಲಿ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಬ್ಲಾಸ್ಟ್ ಫರ್ನೇಸ್ ಒಂದು ಸಲ ಹೊತ್ತಿಸಿದರೆ ವರ್ಷಗಟ್ಟಲೆ ಉರಿಯುತ್ತದೆ. ಆದರೆ ಮೇಲಿಂದ ಅದಿರು, ಕೋಕ್ ಹಾಕುತ್ತಿರಬೇಕು, ಕೆಳಗಿಂದ ಕರಗಿದ ಕಬ್ಬಿಣ, ಸ್ಲ್ಯಾಗ್ ದಿನಕ್ಕೆ ಹಲವು ಸಲ ತೆಗೆಯುತ್ತಿರಬೇಕು. ಬೀಗ ಹಾಕಿ ಮನೆಗೆ ಹೋಗೋಕಾಗಲ್ಲ. ನನ್ನ ಡಿಸ್ಕೂ ಹಗಲು ರಾತ್ರಿ ಓಡಿತು, ಫರ್ನೇಸೂ ಹಗಲು ರಾತ್ರಿ ಓಡುತ್ತದೆ. ವ್ಯತ್ಯಾಸ ಏನು? ಒಂದನ್ನು ಯಾರೂ ನೋಡಲಿಲ್ಲ. ಇನ್ನೊಂದರ ಮುಂದೆ ಯಾವಾಗಲೂ ಒಬ್ಬ ನಿಂತಿರುತ್ತಾನೆ.

ಪ್ರಕಟನೆ 3:1ರಲ್ಲಿ ಸಾರ್ದಿಸಿನ ಸಭೆಗೆ ಜೀವಂತ ಅನ್ನೋ ಹೆಸರಿತ್ತು, ಆದರೆ ಸತ್ತಿತ್ತು. ಅವರ ನೀಲಿ ದೀಪ ಮಿಣುಕುತ್ತಾ ಇತ್ತು! ನೀವು ವರ್ಷಿಪ್ ಟೀಮ್‌ನಲ್ಲಿ ಇರಬಹುದು, ಗ್ರೂಪ್‌ನಲ್ಲಿ ಪ್ರತಿದಿನ ವಚನ ಹಾಕುತ್ತಿರಬಹುದು. ದೀಪ ಮಿಣುಕುತ್ತಿದೆ. ಬೂದಿ ತೆಗೆದು ಎಷ್ಟು ದಿನ ಆಯಿತು? ಅನ್ಯಭಾಷೆಯಲ್ಲಿ ಮಾತಾಡಿದ್ದು ಹಳೇ ಅನುಭವದ ರೆಕಾರ್ಡಿಂಗಾ, ಇವತ್ತು ಬೆಳಿಗ್ಗೆ ಹತ್ತಿದ ಬೆಂಕಿಯಾ?

ಈಗ ನನ್ನ ಸಾಕ್ಷಿಯ ಕೊನೆ ಹೇಳ್ತೀನಿ.

ಡಿಸ್ಕ್ ಹೋದ ರಾತ್ರಿ ಅಮ್ಮ ಕೇಳಿದರು, ‘ಅಪ್ಪ ಆ ಟಿವಿಯಲ್ಲಿ ಏನು ಹೇಳಿದ್ದರು, ನಿನಗೆ ನೆನಪಿದೆಯಾ?’ ಅಮ್ಮನಿಗೆ ಈಗ ಮರೆವು ಜಾಸ್ತಿ. ನನಗೆ ಏನು ಗೊತ್ತು, ನಾನು ನೋಡೇ ಇಲ್ಲ. ಅವತ್ತು ಅಪ್ಪನ ಪಕ್ಕ ಕೂತು ನೋಡಿದವನು ನನ್ನ ತಮ್ಮ. ಫೋನ್ ಕೈಗೆ ತೆಗೆದುಕೊಂಡು ಅರ್ಧ ಗಂಟೆ ಕೂತೆ. ಒಳಗಿನ ರೆಕಾರ್ಡರ್ ಅವನ ನಾಲ್ಕು ಮಾತನ್ನು ಮತ್ತೆ ಹಾಕಿತು. ‘ಕರ್ತನೇ, ಇದನ್ನು ಆಫ್ ಮಾಡೋಕೆ ನನ್ನ ಕೈಲಾಗಲ್ಲ, ನೀನೇ ಮಾಡು’ ಅಂತ ಅತ್ತೆ. ಆಮೇಲೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನು ಕೇಳಿದೆ, ‘ನಿನ್ನ ಹತ್ತಿರ ಅಪ್ಪನ ವಿಡಿಯೋ ಏನಾದರೂ ಇದೆಯಾ?’ ‘ಇಲ್ಲಣ್ಣಾ. ಆದರೆ ಏನು ಹೇಳಿದರು ಅಂತ ನನಗೆ ಗೊತ್ತು.’

ಅವನು ಹೇಳುತ್ತಾ ಹೋದ. ಅಪ್ಪ ಸಂಡೂರಿನ ಅದಿರು ಲಾರಿ ಡ್ರೈವರ್. ಆ ಗಣಿಗಾರಿಕೆಯ ಜೋರಿನ ವರ್ಷಗಳಲ್ಲಿ ಲಾರಿ ನಿಲ್ಲುತ್ತಲೇ ಇರಲಿಲ್ಲ. ನಿದ್ದೆ ಇಲ್ಲ, ಸಭೆ ಇಲ್ಲ, ಮಕ್ಕಳ ಮುಖ ನೋಡಲ್ಲ, ಇನ್ನೊಂದು ಟ್ರಿಪ್, ಇನ್ನೊಂದು ಟ್ರಿಪ್. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತಿತು. ಅಪ್ಪ ಮನೆಯಲ್ಲಿ ಕೂತರು. ಕೈಯಲ್ಲಿ ದುಡ್ಡಿಲ್ಲ. ಆ ನಿಂತ ಲಾರಿಯ ಕ್ಯಾಬಿನ್ ಒಳಗೆ, ಎಂಜಿನ್ ಶಬ್ದ ಇಲ್ಲದೆ, ಅವರು ಮೊದಲ ಸಲ ಮನಸ್ಸಿಟ್ಟು ಪ್ರಾರ್ಥನೆ ಮಾಡಿದರಂತೆ. ದೇವರು ಯಾವತ್ತೂ ಕರೀತಾನೇ ಇದ್ದ, ನನ್ನ ಗಾಡಿಯ ಶಬ್ದಕ್ಕೆ ಕೇಳಿಸಿರಲಿಲ್ಲ ಅಂತ ಆ ಸಾಕ್ಷಿಯಲ್ಲಿ ಹೇಳಿದ್ದರಂತೆ.

ಪ್ರಿಯರೇ, ನನ್ನ ತಮ್ಮನ ಹತ್ತಿರ ಡಿಸ್ಕ್ ಇರಲಿಲ್ಲ. ಅವನು ಕೇಳಿದ್ದ. ನಾನು ರೆಕಾರ್ಡ್ ಮಾಡಿದ್ದೆ. ಕೊನೆಗೆ ಅಪ್ಪನ ಸಾಕ್ಷಿ ಉಳಿದದ್ದು ಅವನಲ್ಲಿ.

ಈಗ ಏನು ಮಾಡೋಣ? ಮೊದಲು ಸಣ್ಣ ಮಾತು. ನಿಮ್ಮ ಮನೆಯ ಬಾಕ್ಸ್‌ಗೆ ಗಾಳಿ ಬಿಡಿ, ಬೇಡದಾಗ ಆಫ್ ಮಾಡಿ, ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ ತೆಗೆಯಿರಿ. ಅಪ್ಪ ಅಮ್ಮನ ಫೋಟೋ, ವಿಡಿಯೋ ಒಂದೇ ಡಿಸ್ಕಿನಲ್ಲಿ ಇಡಬೇಡಿ, ಇನ್ನೊಂದು ಕಾಪಿ ಬೇರೆ ಕಡೆ ಇಡಿ. ಅದಕ್ಕಿಂತ ಮೊದಲು, ಅವರು ಬದುಕಿರುವಾಗಲೇ ಪಕ್ಕ ಕೂತು ಕೇಳಿ.

ಇನ್ನು ಈ ವಾರ ಮೂರು ಕೆಲಸ. ಒಂದು, ಸೇವ್ ಮಾಡಿಟ್ಟ ಸಂದೇಶಗಳಲ್ಲಿ ಒಂದೇ ಒಂದನ್ನು ತೆಗೆದು ಪೂರ್ತಿ ಕೇಳಿ, ಒಂದು ವಾಕ್ಯ ಬಾಯಿಪಾಠ ಮಾಡಿ, ಅದರಂತೆ ಒಂದು ಕೆಲಸ ಮಾಡಿ. ಎರಡು, ಒಂದು ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಹತ್ತು ಗಂಟೆಗೆ ಮಲಗಿ, ಬೆಳಿಗ್ಗೆ ಎದ್ದು ಬೂದಿ ತೆಗೆಯಿರಿ, ಅಂದರೆ ಪಾಪ ಒಪ್ಪಿಕೊಳ್ಳಿ, ಹೊಸ ಕಟ್ಟಿಗೆ ಇಡಿ. ಮೂರು, ನೀವು ಪ್ರತಿ ರಾತ್ರಿ ಹಾಕಿ ಕೇಳುವ ಆ ರೆಕಾರ್ಡಿಂಗ್ ಇದೆಯಲ್ಲ, ಅದರಲ್ಲಿರುವ ವ್ಯಕ್ತಿಗೆ ಫೋನ್ ಮಾಡಿ. ನಾಳೆ ಅಲ್ಲ.

ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಸಂಗೀತ ಬೇಡ ತಮ್ಮಾ, ಕೀಬೋರ್ಡ್ ನಿಲ್ಲಿಸು. ಒಂದೆರಡು ನಿಮಿಷ ಶಬ್ದವೇ ಬೇಡ.

ಕರ್ತನಾದ ಯೇಸುವೇ, ನಾವು ತುಂಬಾ ಕೂಡಿಟ್ಟಿದ್ದೇವೆ, ಸ್ವಲ್ಪವೇ ಉಂಡಿದ್ದೇವೆ. ಕ್ಷಮಿಸು. ನಮ್ಮೊಳಗೆ ನಿಲ್ಲದೆ ಓಡುವ ಭಯವನ್ನು, ಸಿಟ್ಟನ್ನು, ಹಳೇ ಮಾತುಗಳನ್ನು ನಿನ್ನ ರಕ್ತದಿಂದ ಅಳಿಸು. ದಣಿದ ಈ ಯುವಜನರಿಗೆ ವಿಶ್ರಾಂತಿ ಕೊಡು. ಪವಿತ್ರಾತ್ಮನೇ, ಹೂಳು ತೆಗೆ, ಬೂದಿ ತೆಗೆ, ಹೊಸ ಬೆಂಕಿ ಇಡು. ಇವತ್ತು ರಾತ್ರಿ ಫೋನ್ ಮಾಡಬೇಕಾದ ಪ್ರತಿಯೊಬ್ಬರಿಗೂ ಧೈರ್ಯ ಕೊಡು, ಆ ಕಡೆ ಫೋನ್ ಎತ್ತುವವರ ಹೃದಯವನ್ನೂ ಮೆತ್ತಗೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಹೊರಗೆ ಚಹಾ ಇದೆ, ಕುಡಿದು ಹೋಗಿ. ಆದರೆ ಮೊದಲು ಫೋನ್.